ಟಿವಿಲಿ ಗಾಲ್ಫ್ ನೋಡಿದ್ರೆ ನಮ್ಮ ಆಟ ಸುಧಾರಿಸತ್ತಾ?

ಪ್ರಶ್ನೆ: ನಮಸ್ಕಾರ ಸರ್. ಬ್ಯಾಂಕ್ ಕೆಲಸದಿಂದ ರಿಟೈರ್ ಆದ್ಮೇಲೆ ಗಾಲ್ಫ್ ಶುರು ಮಾಡ್ದೆ, ಮೂರು ವರ್ಷ ಆಯ್ತು. ವಾರಕ್ಕೆ ಎರಡು ದಿನ ಆಡ್ತೀನಿ, ಸ್ಕೋರ್ (ಹೊಡೆತ ಕಮ್ಮಿ ಆದಷ್ಟೂ ಒಳ್ಳೇದು) ನೂರರ ಕೆಳಗೆ ಇಳಿದಿದ್ದು ಎರಡೇ ಸಲ. ರಾತ್ರಿ ಹೊತ್ತು ಅಮೆರಿಕದ ಪಿಜಿಎ ಟೂರ್ ತಪ್ಪಿಸಲ್ಲ, ಮಾಸ್ಟರ್ಸ್ ಟೂರ್ನಿ ಕೊನೇ ದಿನ ಅಂದ್ರೆ ಬೆಳಗಿನ ಜಾವ ನಾಲ್ಕೂವರೆವರೆಗೂ ಕೂತಿರ್ತೀನಿ. "ಇಷ್ಟು ನೋಡಿ ನಿಮ್ಗೆ ಆಟ ಏನಾದ್ರೂ ಬಂತಾ?" ಅಂತ ಮನೆಯವರು ಕೇಳಿದ್ರು, ಉತ್ತರ ಹೊಳೀಲಿಲ್ಲ. ಅದೂ ಅಲ್ದೆ ಟೂರ್ನಿ ನೋಡಿದ ಮಾರನೇ ದಿನ ನನ್ನ ಆಟ ಇನ್ನೂ ಕೆಡತ್ತೆ. ನೋಡೋದ್ರಿಂದ ನಿಜಕ್ಕೂ ಉಪಯೋಗ ಇದ್ಯಾ?
– ಓದುಗರು, ಕುವೆಂಪುನಗರ, ಮೈಸೂರು

ಉತ್ತರ: ಇದೆ ಸರ್, ಖಂಡಿತ ಇದೆ. ಆದ್ರೆ ಟಿವಿ ತೋರಿಸಿದ್ದನ್ನೇ ನೋಡ್ತಾ ಕೂತ್ರೆ ಕಮ್ಮಿ. ಆಟಗಾರ ಹೊಡೆದ ತಕ್ಷಣ ಕ್ಯಾಮೆರಾ ಚೆಂಡಿನ ಹಿಂದೆ ಓಡತ್ತೆ, ನಾವೂ ಓಡ್ತೀವಿ, ಆಕಾಶದಲ್ಲೊಂದು ಬಿಳಿ ಚುಕ್ಕೆ, ಆಮೇಲೆ ಗ್ರೀನ್ (ಕುಳಿ ಇರೋ ನುಣುಪು ಹುಲ್ಲಿನ ಜಾಗ), ಚಪ್ಪಾಳೆ. ನಮಗೆ ಬೇಕಾಗಿದ್ದ ಪಾಠ ಅಷ್ಟು ಹೊತ್ತಿಗೆ ಮುಗಿದುಹೋಗಿರತ್ತೆ.

ಮಂಡ್ಯ ಕಡೆ ಆಲೆಮನೆ ನೋಡಿರ್ತೀರ. ಕೊಪ್ಪರಿಗೆ ಹತ್ರ ನಿಂತ ಹುಡುಗ ಅಚ್ಚು ಬೆಲ್ಲ ನೋಡ್ತಾ ಇದ್ರೆ ಬೆಲ್ಲ ಮಾಡೋದು ಕಲಿಯಲ್ಲ. ಪಾಕ ಇಳಿಸೋರ ಕಣ್ಣು ಎಲ್ಲಿದೆ, ನೊರೆ ಹೇಗಾದಾಗ ಅವರು ಸುಮ್ನಾದ್ರು, ಯಾವಾಗ ಒಂದು ತೊಟ್ಟು ನೀರಿಗೆ ಬಿಟ್ಟು ಬೆರಳಲ್ಲಿ ಹಿಡಿದು ನೋಡಿದ್ರು, ಅದನ್ನ ಗಮನಿಸಿದವನಿಗೆ ಹದ ಗೊತ್ತಾಗತ್ತೆ, ಅದೂ ಅವನ ಕೈಗೂ ಒಂದಿನ ಸೌಟು ಕೊಟ್ರೆ.

ಗಾಲ್ಫಲ್ಲಿ ಹೀಗೆ ನೋಡಿ ಕಲಿತವರು ನಮ್ಮ ದೇಶದಲ್ಲೇ ಇದಾರೆ. 1991ರಲ್ಲಿ ಇಂಡಿಯನ್ ಓಪನ್ ಗೆದ್ದ ಅಲಿ ಶೇರ್ ದೆಹಲಿಲಿ ಕ್ಯಾಡಿ ಆಗಿದ್ದವರು, 1993ರಲ್ಲಿ ಮತ್ತೆ ಗೆದ್ರು. ನಮ್ಮ ಬೆಂಗಳೂರಿನ ಸಿ. ಮುನಿಯಪ್ಪ, 2009ರಲ್ಲಿ ಅದೇ ಇಂಡಿಯನ್ ಓಪನ್ ಗೆದ್ದವರು, ಅವರೂ ಕ್ಯಾಡಿಯಾಗಿ ಶುರು ಮಾಡಿದವರೇ. ಕ್ಯಾಡಿ ಬೇರೆಯವರ ಬ್ಯಾಗ್ ಹೊತ್ಕೊಂಡು ಹದಿನೆಂಟು ಹೋಲ್ ಜೊತೆಗೇ ನಡೀತಾನೆ, ಗಾಳಿ ಎತ್ತಲಿಂದ ಬೀಸ್ತಿದೆ, ಚೆಂಡು ಹುಲ್ಲಲ್ಲಿ ಹೇಗೆ ಕೂತಿದೆ, ಯಾವ ಕ್ಲಬ್, ಅಂದ್ರೆ ಕೋಲು, ಬ್ಯಾಗಿಂದ ಎಳೆದು ವಾಪಸ್ ಹಾಕಿದ್ರು, ಎಲ್ಲಾ ನೋಡ್ತಾನೆ, ಬಿಡುವು ಸಿಕ್ಕಾಗ ತಾನೂ ಹೊಡೀತಾನೆ. ನೋಡೋದು, ಹೊಡೆಯೋದು ಎರಡೂ ಅಕ್ಕಪಕ್ಕದಲ್ಲೇ ಇರತ್ತೆ. ನಿಮಗೆ ಎಷ್ಟೋ ಸಲ ಶನಿವಾರ ರಾತ್ರಿ ನೋಡಿದ್ದಕ್ಕೂ ಬುಧವಾರ ಆಡಿದ್ದಕ್ಕೂ ನಡುವೆ ನಾಲ್ಕು ದಿನ ಇರತ್ತೆ, ಕಣ್ಣಲ್ಲಿದ್ದಿದ್ದು ಕೈಗೆ ಬರೋ ಮುಂಚೆ ಆರಿಹೋಗತ್ತೆ.

ಮಾರನೇ ದಿನ ಆಟ ಕೆಡೋದು ನಿಮ್ಮೊಬ್ಬರ ಸಮಸ್ಯೆ ಅಲ್ಲ, ನನಗೂ ಆಗಿದೆ, ನಮ್ಮ ಕೋರ್ಸಲ್ಲಿ ತುಂಬಾ ಜನಕ್ಕೆ ಆಗೋದನ್ನ ನೋಡಿದೀನಿ. ಪಿಜಿಎ ಟೂರ್ ಹುಡುಗರು ಡ್ರೈವರ್ ಅನ್ನೋ ಉದ್ದ ಕೋಲಲ್ಲಿ ಸರಾಸರಿ 300 ಗಜದ ಹತ್ರ ಹೊಡೀತಾರೆ. ರಾತ್ರಿಯೆಲ್ಲ ಅದನ್ನ ನೋಡಿ ಬೆಳಿಗ್ಗೆ ಟೀ (ಮೊದಲ ಹೊಡೆತದ ಜಾಗ) ಮೇಲೆ ನಿಂತ್ರೆ ಅರವತ್ತು ವರ್ಷದ ಸೊಂಟ ಇಪ್ಪತ್ತೈದರ ಹುಡುಗನ ವೇಗಕ್ಕೆ ತಿರುಗೋಕೆ ಹೋಗತ್ತೆ. ಅದಕ್ಕೇ ನಾನು ಎಲ್ಲರಿಗೂ ಹೇಳೋದು, ಹೆಂಗಸರ ಟೂರ್ ನೋಡಿ ಅಂತ. ಎಲ್‌ಪಿಜಿಎ ಆಟಗಾರ್ತಿಯರು ಸರಾಸರಿ 250 ಗಜದ ಆಸುಪಾಸು ಹೊಡೀತಾರೆ, ಅವರ ಸ್ವಿಂಗ್ ವೇಗ ನಮ್ಮಂಥ ಗಂಡಸರ ವೇಗಕ್ಕೆ ಎಷ್ಟೋ ಹತ್ರ, ಆದ್ರೆ ಚೆಂಡು ಮಾತ್ರ ನೆಟ್ಟಗೆ ಹೋಗತ್ತೆ. ನಮ್ಮ ಅದಿತಿ ಅಶೋಕ್‌ನೇ ತಗೊಳ್ಳಿ, 2021ರಲ್ಲಿ ಟೋಕಿಯೊ ಒಲಿಂಪಿಕ್ಸಲ್ಲಿ ಜೊತೆಯವರಿಗಿಂತ ಎಷ್ಟೋ ಹಿಂದೆ ಬೀಳ್ತಿದ್ದ ಡ್ರೈವ್ ಇಟ್ಕೊಂಡೇ ನಾಲ್ಕನೇ ಸ್ಥಾನಕ್ಕೆ ಬಂದ್ಲು, ಕಂಚಿಗೆ ಒಂದೇ ಒಂದು ಹೊಡೆತ ಕಮ್ಮಿ. ಆ ಶನಿವಾರ ಬೆಳಿಗ್ಗೆ ಗಾಲ್ಫ್ ಅಂದ್ರೇನು ಅಂತ ಗೊತ್ತಿಲ್ಲದವರೂ ಟಿವಿ ಮುಂದೆ ಕೂತಿದ್ರು, ನೆನೆಸ್ಕೊಂಡ್ರೆ ಈಗ್ಲೂ ಕಣ್ಣು ತುಂಬತ್ತೆ.

ಇನ್ನೊಂದು ಕಾರಣ ಇದೆ. ಟಿವಿಲಿ ತೋರಿಸೋದು ಆ ವಾರ ಚೆನ್ನಾಗಿ ಆಡ್ತಿರೋರನ್ನ. ಹಾಗಾಗಿ ಅವರು ಹೊಡೆದ ಪಟ್ (ಗ್ರೀನ್ ಮೇಲೆ ಚೆಂಡನ್ನ ಕುಳಿಗೆ ಉರುಳಿಸೋ ಹೊಡೆತ) ಎಲ್ಲಾ ಒಳಗೇ ಹೋಗತ್ತೆ ಅನ್ಸಿಬಿಡತ್ತೆ. ನಿಜ ಏನಂದ್ರೆ ಪಿಜಿಎ ಟೂರಲ್ಲಿ 8 ಅಡಿಯಿಂದ ಹೊಡೆದ ಪಟ್‌ಗಳಲ್ಲಿ ಹೆಚ್ಚುಕಮ್ಮಿ ಅರ್ಧ ಹೊರಗೇ ಉಳಿಯತ್ತೆ. 2025ರ ಮಾಸ್ಟರ್ಸ್ ಕೊನೇ ದಿನ ನೀವೂ ನೋಡಿರ್ತೀರ, ರೋರಿ ಮೆಕಿಲ್ರಾಯ್ 13ನೇ ಹೋಲಲ್ಲಿ ನೂರು ಗಜಕ್ಕಿಂತ ಹತ್ರದಿಂದ ವೆಡ್ಜ್ (ಹತ್ರದ ಹೊಡೆತದ ಕೋಲು) ಹೊಡೆದು ಚೆಂಡನ್ನ ನೀರಿಗೆ ಹಾಕಿದ್ರು, 18ರಲ್ಲಿ ಐದು ಅಡಿ ಪಟ್ ತಪ್ಪಿಸಿದ್ರು, ಆಮೇಲೆ ಪ್ಲೇಆಫಲ್ಲಿ (ಸ್ಕೋರ್ ಸಮ ಆದಾಗ ಆಡೋ ಹೆಚ್ಚುವರಿ ಹೋಲ್) ಗೆದ್ರು. ನಾನು ಆವತ್ತು ನೋಡಿದ್ದು ಆ ಪಟ್ ತಪ್ಪಿದ ಮೇಲೆ ಅದೇ ಹೋಲನ್ನ ಮತ್ತೆ ಆಡೋಕೆ ಹೋಗಿ ಅವರು ಹೇಗೆ ನಿಂತ್ರು ಅನ್ನೋದನ್ನ. ನಾವಾಗಿದ್ರೆ ಒಂದು ಐದಡಿ ತಪ್ಪಿದ್ದಕ್ಕೆ ಮುಂದಿನ ಮೂರು ಹೋಲ್ ಹಾಳು ಮಾಡ್ಕೋತೀವಿ.

ಹಾಗಾದ್ರೆ ಏನು ನೋಡ್ಬೇಕು ಅಂದ್ರೆ, ಒಂದು ರಾತ್ರಿಗೆ ಒಂದೇ ವಿಷಯ. ಈ ವಾರ ಹೊಡೆಯೋಕೆ ಮುಂಚಿನ ಇಪ್ಪತ್ತು ಸೆಕೆಂಡ್ ನೋಡಿ. ಚೆಂಡಿನ ಹಿಂದೆ ನಿಂತು ಗುರಿ ನೋಡ್ತಾರೆ, ಮುಂದೆ ಹತ್ರದಲ್ಲೇ ಒಂದು ಎಲೆನೋ ಹುಲ್ಲಿನ ಗುರುತೋ ಹಿಡ್ಕೋತಾರೆ, ಮೊದಲು ಕ್ಲಬ್ ಮುಖ ಅದಕ್ಕೆ ಕೂರಿಸಿ ಆಮೇಲೆ ಪಾದ ಇಡ್ತಾರೆ. ನಾವು ಮೊದಲು ಪಾದ ಇಟ್ಟು ಆಮೇಲೆ ಗುರಿ ಹುಡುಕ್ತೀವಿ. ಮುಂದಿನ ವಾರ ತಾಳ ನೋಡಿ: ಕ್ಲಬ್ ಮೇಲಕ್ಕೆ ಎತ್ತೋಕೆ ಮೂರು ಪಾಲು ಸಮಯ ಆದ್ರೆ ಚೆಂಡಿಗೆ ಇಳಿಸೋಕೆ ಒಂದು ಪಾಲು, ಒಳ್ಳೆ ಆಟಗಾರರಲ್ಲಿ ಬಹುತೇಕ ಹೀಗೇ ಇರತ್ತೆ. ಮ್ಯೂಟ್ ಮಾಡಿ ಮನಸ್ಸಲ್ಲೇ ಒಂದು-ಎರಡು-ಮೂರು, ಹೊಡಿ ಅಂತ ಎಣಿಸಿ. ಟಿವಿ ಆರಿಸಿದ ಮೇಲೆ ಕ್ಲಬ್ ತಗೊಂಡು ವರಾಂಡದಲ್ಲಿ ಅದೇ ಎಣಿಕೆಗೆ ಹತ್ತು ಸಲ ನಿಧಾನಕ್ಕೆ ಬೀಸಿ, ಚೆಂಡು ಬೇಡ, ಬಲ್ಬ್ ಇರೋ ಕಡೆ ಬೇಡ. ಗ್ರೀನ್ ತಿರುವುಗಳನ್ನ ಮಾತ್ರ ಟಿವಿ ನೋಡಿ ಕಲಿಯೋಕೆ ಹೋಗ್ಬೇಡಿ, ಮಾಸ್ಟರ್ಸ್ ನಡೆಯೋ ಅಗಸ್ಟಾದ ಗ್ರೀನ್ ವೇಗ ಬೇರೆ, ನಮ್ಮ ಗ್ರೀನ್ ವೇಗ ಬೇರೆ.

ನಮ್ಮ ಚಾಮುಂಡಿ ಬೆಟ್ಟದ ತಪ್ಪಲಲ್ಲಿ ಜಯಚಾಮರಾಜ ಒಡೆಯರ್ ಗಾಲ್ಫ್ ಕ್ಲಬ್ಬಲ್ಲಿ ಪಿಜಿಟಿಐ (ಭಾರತದ ವೃತ್ತಿಪರ ಟೂರ್) ಟೂರ್ನಿ ನಡೆದಾಗ ಮಾತ್ರ ದಯವಿಟ್ಟು ಮನೇಲಿ ಕೂರ್ಬೇಡಿ. ಒಳಗೆ ಬಿಡೋದಾದ್ರೆ ಪ್ರಾಕ್ಟೀಸ್ ಜಾಗಕ್ಕೆ ಹೋಗಿ ನಿಂತ್ಕೊಳ್ಳಿ. ಒಬ್ಬ ಪ್ರೊ ಅರ್ಧ ಗಂಟೆ ಐರನ್ ಅನ್ನೋ ಕೋಲಲ್ಲಿ ಹೊಡೆದು ಹೋದ ಮೇಲೆ ಆ ನೆಲ ನೋಡಿದ್ದೆ. ಹುಲ್ಲು ಕಿತ್ತ ಗುರುತುಗಳು ಒಂದರ ಹಿಂದೆ ಒಂದು ಸೇರಿ ಗದ್ದೆ ಸಾಲಿನ ಥರ ನೆಟ್ಟಗೆ ಒಂದು ಪಟ್ಟಿ, ಅಗಲ ಅಂಗೈಯಷ್ಟು, ಪ್ರತಿಯೊಂದೂ ಚೆಂಡಿದ್ದ ಜಾಗದಿಂದ ಮುಂದಕ್ಕೇ ಶುರುವಾಗಿತ್ತು. ಪಕ್ಕದಲ್ಲೇ ನಾನು ಹಿಂದಿನ ದಿನ ಹೊಡೆದ ಜಾಗ, ಅಲ್ಲೊಂದು ಇಲ್ಲೊಂದು, ಅರ್ಧಕ್ಕರ್ಧ ಚೆಂಡಿನ ಹಿಂದೆ. ಇದನ್ನ ಯಾವ ಕ್ಯಾಮೆರಾನೂ ನನಗೆ ತೋರಿಸಿರ್ಲಿಲ್ಲ. ಆವತ್ತಿಂದ ನಾನು ಹೊಡೆದಾದ ಮೇಲೆ ಚೆಂಡಿಗಿಂತ ಮೊದಲು ನೆಲ ನೋಡ್ತೀನಿ.

ಪ್ರಶ್ನೆ: ಮಗಳಿಗೆ ಹನ್ನೆರಡು ವರ್ಷ. ಮೊಬೈಲಲ್ಲಿ ಸ್ಲೋ ಮೋಷನ್ ಸ್ವಿಂಗ್ ನೋಡ್ಕೊಂಡು ಹಿತ್ತಲಲ್ಲಿ ಕೋಲು ಬೀಸ್ತಾಳೆ. ನೋಡಿ ನೋಡಿ ತಪ್ಪು ಕಲೀತಾಳಾ?
– ಒಬ್ಬ ತಾಯಿ, ಮಂಡ್ಯ

ಉತ್ತರ: ಬೀಸ್ಲಿ ಬಿಡಿ ಅಮ್ಮ, ತಡೀಬೇಡಿ. ಮಕ್ಕಳು ಇಡೀ ಚಲನೆನ ಒಟ್ಟಿಗೆ ಹಿಡೀತಾರೆ, ನಮ್ಮ ಹಾಗೆ ಮೊಣಕೈ, ಮಣಿಕಟ್ಟು ಅಂತ ತುಂಡು ಮಾಡಲ್ಲ. ಸ್ಲೋ ಮೋಷನ್ ಕಮ್ಮಿ ಮಾಡಿ ಮಾಮೂಲಿ ವೇಗದ್ದು ತೋರಿಸಿ, ಬೀಸಿದ ಮೇಲೆ ಅಲ್ಲಾಡದೆ ಮೂರು ಎಣಿಸೋವರೆಗೂ ನಿಲ್ತಾಳಾ ಅಂತ ನೀವೇ ನೋಡಿ, ಸದ್ಯಕ್ಕೆ ಅಷ್ಟು ಪರೀಕ್ಷೆ ಸಾಕು. ದೊಡ್ಡವರ ಕ್ಲಬ್ ಕತ್ತರಿಸಿ ಮಾತ್ರ ಕೊಡ್ಬೇಡಿ, ಮಕ್ಕಳಿಗೆ ಅದು ಭಾರ, ಬಿರುಸು. ಮೈಸೂರಲ್ಲಿ ಟೂರ್ನಿ ಇದ್ದಾಗ ಒಂದು ದಿನ ಬೆಳಿಗ್ಗೆ ರೈಲಿಗೆ ಕರ್ಕೊಂಡು ಬನ್ನಿ, ಒಬ್ಬರೇ ಆಟಗಾರರನ್ನ ಆರಿಸ್ಕೊಂಡು ಮೊದಲನೇ ಟೀಯಿಂದ ಕೊನೇವರೆಗೂ ಅವರ ಹಿಂದೆನೇ ನಡೀಲಿ.