ಕಿಡಿಯನ್ನು ಮೂರನೇ ಪುಟಕ್ಕೆ ತಳ್ಳಬೇಡಿ

ಪೆರ್ಲದ ಗೆಳೆಯರೇ,

ನೀರಿನೊಳಗಿನ ಪ್ಲಾಸ್ಮಾದಿಂದ, ಅಂದರೆ ವಿದ್ಯುತ್ ಕಿಡಿಯ ಕಾದ ಅನಿಲದಿಂದ, ಗ್ರಾಫೀನ್ (ಒಂದೇ ಪರಮಾಣು ದಪ್ಪದ ಇಂಗಾಲದ ಹಾಳೆ) ಮತ್ತು ಸತುವಿನ ಆಕ್ಸೈಡಿನ ಮಿಶ್ರಣ ಮಾಡುವ ಬಗ್ಗೆ ನೀವು ಕಳಿಸಿದ ಲೇಖನ ಓದಿದೆ. ಈಗ ಇರುವ ಹಾಗೆ ಹಾಕಲು ಆಗುವುದಿಲ್ಲ. ಸುಮ್ನೆ ಬಿಡಲೂ ಮನಸ್ಸಿಲ್ಲ.

ಮೊದಲ ಎರಡು ಪುಟ ಬರೀ ಹೊಗಳಿಕೆ. ಮೂರನೇ ಪುಟದಲ್ಲಿ ಒಂದು ಸಾಲು: ‘ಸತುವಿನ ಸರಳುಗಳ ನಡುವೆ ವಿದ್ಯುತ್ ವಿಸರ್ಜನೆಯಾಗಿ ಸಂಯುಕ್ತವು ಸಿದ್ಧಗೊಳ್ಳುತ್ತದೆ.’ ಅಷ್ಟೇನಾ? ಲ್ಯಾಬಿನಲ್ಲಿ ಕಣ್ಣಾರೆ ನೋಡಿದ್ದೇನೆ ಅಂತ ಪತ್ರದಲ್ಲಿ ಬರೆದಿದ್ದೀರಿ. ಹಾಗಾದರೆ ನಮಗೂ ತೋರಿಸಿ. ಬೀಕರಿನಲ್ಲಿ ಗ್ರಾಫೀನ್ ಆಕ್ಸೈಡ್, ಅಂದರೆ ಆಕ್ಸಿಜನ್ ಅಂಟಿದ ಗ್ರಾಫೀನ್, ಬೆರೆಸಿದ ಕಂದು ನೀರು. ಅದರೊಳಗೆ ತುದಿಗೆ ತುದಿ ಇನ್ನೇನು ತಾಗುತ್ತದೆ ಅನ್ನುವಷ್ಟು ಹತ್ತಿರ ಎರಡು ಸತುವಿನ ಸರಳು. ಕರೆಂಟ್ ಹಾಯಿಸಿದರೆ ನಡುವೆ ಕಿಡಿ. ಕಿಡಿಯೊಳಗೆ ಸಾವಿರಾರು ಡಿಗ್ರಿ ಶಾಖ, ಸುತ್ತಲಿನ ನೀರು ಮಾತ್ರ ತಣ್ಣಗೆ. ಸತು ಆವಿಯಾಗಿ ಹಾರಿ, ಆ ನೀರಿಗೆ ಬಡಿದು ತಟ್ಟನೆ ಗಟ್ಟಿಯಾಗುತ್ತದೆ. ದೊಡ್ಡದಾಗಲು ಪುರುಸೊತ್ತೇ ಇಲ್ಲ, ಅದಕ್ಕೇ ಕಣಗಳು ನ್ಯಾನೋಮೀಟರ್ ಲೆಕ್ಕದಲ್ಲಿ ಉಳಿಯುತ್ತವೆ. ನೀರಿನ ಆಕ್ಸಿಜನ್ ಹಿಡಿದುಕೊಂಡು ಸತುವಿನ ಆಕ್ಸೈಡ್ ಆಗುತ್ತವೆ. ಇತ್ತ ಕಿಡಿಗೆ ಒಡೆದ ನೀರಿನ ಹೈಡ್ರೋಜನ್, ಗ್ರಾಫೀನ್ ಆಕ್ಸೈಡಿನಿಂದ ಆಕ್ಸಿಜನ್ ಕಿತ್ತುಕೊಳ್ಳುತ್ತದೆ; ಉಳಿಯುವುದು ಬಹುಪಾಲು ಗ್ರಾಫೀನ್. ಕಂದು ನೀರು ಕಪ್ಪಾಗುತ್ತಾ ಬರುತ್ತದೆ. ಲೇಖನ ಶುರುವಾಗಬೇಕಾದದ್ದು ಇಲ್ಲಿಂದ ಅಲ್ವಾ?

ಗ್ರಾಫೀನ್, ಸತುವಿನ ಆಕ್ಸೈಡ್ ಎರಡನ್ನೂ ಯಾಕೆ ಸೇರಿಸಬೇಕು ಅನ್ನುವುದನ್ನೂ ಹೇಳಿಲ್ಲ. ಗ್ರಾಫೀನ್ ಹಾಳೆಗಳು ಹಾಗೇ ಬಿಟ್ಟರೆ ಒಂದಕ್ಕೊಂದು ಅಂಟಿಕೊಳ್ಳುತ್ತವೆ. ನಡುವೆ ಕೂತ ಆಕ್ಸೈಡ್ ಕಣಗಳು ಅವನ್ನು ಬಿಡಿಸಿಡುತ್ತವೆ. ಬೆಳಕು ಬಿದ್ದಾಗ ಆಕ್ಸೈಡಿನಿಂದ ಎದ್ದ ಎಲೆಕ್ಟ್ರಾನುಗಳನ್ನು ಗ್ರಾಫೀನ್ ಬೇಗ ಸಾಗಿಸುತ್ತದೆ. ನಾಲ್ಕು ಸಾಲು ಸಾಕು.

ನೀವು ಬರೆದ ಹಾಗೆ 2010 ಗ್ರಾಫೀನ್ ಸಿಕ್ಕ ವರ್ಷವಲ್ಲ. ವಿಜ್ಞಾನಿಗಳಾದ ಗೈಮ್ ಮತ್ತು ನೊವೊಸೆಲೊವ್ ಅದನ್ನು ಬಿಡಿಸಿ ತೋರಿಸಿದ್ದು 2004ರಲ್ಲಿ; 2010ರಲ್ಲಿ ನೊಬೆಲ್ ಬಂತು. ‘ರಾಸಾಯನಿಕದ ಸೋಂಕೇ ಇಲ್ಲದ ವಿಧಾನ’ ಅನ್ನುವುದೂ ಜಾಸ್ತಿಯಾಯಿತು. ಆಕ್ಸಿಜನ್ ತೆಗೆಯಲು ಬಳಸುವ ಹೈಡ್ರಜಿನ್‌ನಂಥ ವಿಷ ಇಲ್ಲಿ ಬೇಡ, ನಿಜ. ಆದರೆ ನೀವು ಬಳಸಿದ ಗ್ರಾಫೀನ್ ಆಕ್ಸೈಡನ್ನೇ ಗಂಧಕಾಮ್ಲ, ಪರ್ಮಾಂಗನೇಟ್ ಹಾಕಿ ಮಾಡಿರುತ್ತಾರೆ.

ಕೊನೆಯ ಪ್ಯಾರಾ ಪೂರ್ತಿ ಹೊಡೆದು ಹಾಕಿದ್ದೇನೆ. ‘ಇದು ಕಾಸರಗೋಡಿನ ಎಂಡೋಸಲ್ಫಾನ್ ವಿಷವನ್ನು ತೊಳೆಯಲಿದೆ’ ಅಂತ ಬರೆದಿದ್ದೀರಿ. ಎಂಡೋಸಲ್ಫಾನ್ ಅಂದರೆ ಇಲ್ಲಿನ ಗೇರು ತೋಟಗಳಿಗೆ ಹೆಲಿಕಾಪ್ಟರಿನಿಂದ ಸಿಂಪಡಿಸುತ್ತಿದ್ದ ಕೀಟನಾಶಕ. ನೀವು ವಿವರಿಸಿದ ಪ್ರಯೋಗ ಮೆಥಿಲೀನ್ ಬ್ಲೂ ಅನ್ನುವ ನೀಲಿ ಬಣ್ಣವನ್ನು ನೀರಿನಿಂದ ತೆಗೆಯುವುದು. ಬಣ್ಣ ಹೋಯಿತು ಅಂದರೆ ವಿಷ ಹೋಯಿತು ಅಂತಲ್ಲ. ಎಂಡೋಸಲ್ಫಾನ್ ಮಣ್ಣಿನಲ್ಲಿ ಬದಲಾಗಿ ಎಂಡೋಸಲ್ಫಾನ್ ಸಲ್ಫೇಟ್ ಆಗುತ್ತದೆ, ಅದೂ ವಿಷವೇ. ನಮ್ಮ ಪತ್ರಿಕೆ ಆ ವಿಷದಿಂದ ನರಳಿದ ಪಡ್ರೆ ಊರಿಗೂ ಹೋಗುತ್ತದೆ. ಗೇರು ತೋಟದ ಮೇಲೆ ಹೆಲಿಕಾಪ್ಟರ್ ಹಾರಿದ್ದನ್ನು ಕಂಡವರು, ಮಕ್ಕಳನ್ನು ಎತ್ತಿಕೊಂಡೇ ಸಾಕಿದ ತಾಯಂದಿರು ಅಲ್ಲಿದ್ದಾರೆ. ಅವರೆದುರು ಇಂಥ ಮಾತು ಹಗುರವಾಗಿ ಆಡಬಾರದು.

ತಿದ್ದಿ ಎರಡು ಪುಟಕ್ಕೆ ಇಳಿಸಿ ಕಳಿಸಿ. ಹೈಸ್ಕೂಲ್ ಮಕ್ಕಳೂ ಓದುತ್ತಾರೆ, ಹೈವೋಲ್ಟೇಜ್ ಕೆಲಸ, ಮನೆಯಲ್ಲಿ ಮಾಡಬೇಡಿ ಅಂತ ಎದ್ದು ಕಾಣುವ ಹಾಗೆ ಒಂದು ಸಾಲು ಇರಲಿ. ಬೀಕರಿನ ಫೋಟೋ ಇದ್ದರೆ ಎರಡು ಬೇಕು, ಕಿಡಿ ಹಾಯಿಸುವ ಮೊದಲಿನದು ಮತ್ತು ಆಮೇಲಿನದು.

ಸಂಪಾದಕ