ಸಿಟ್ಟು ಎಲ್ಲಿಂದ ಬಂತು?

(ಗುರುತು ಸಿಗಬಾರದೆಂದು ಕೆಲವು ವಿವರ ಬದಲಿಸಿದ್ದೇನೆ.)

ನನ್ನ ಬಳಿ ಸಲಹೆಗೆ ಬಂದ ಆ ವ್ಯಕ್ತಿಗೆ 34 ವರ್ಷ. 22ನೇ ವಯಸ್ಸಿನಿಂದ ಫಿಟ್ಸ್ ಇದೆ. ಹೆಂಡತಿಯೇ ಕರೆದುಕೊಂಡು ಬಂದಿದ್ದರು. "ಇವರು ಮೊದಲು ಹೀಗಿರಲಿಲ್ಲ ಮೇಡಂ. ಈಗ ಮಾತಾಡಿಸಿದರೆ ಸಾಕು, ಸಿಡುಕುತ್ತಾರೆ. ಮಗಳು ಹತ್ತಿರ ಹೋಗೋಕೂ ಹೆದರ್ತಾಳೆ" ಎಂದರು. ಅವರು ತಲೆ ತಗ್ಗಿಸಿ ಕೂತಿದ್ದರು. "ನಾನೇ ಕೆಟ್ಟವನಾಗಿಬಿಟ್ಟೆ" ಎಂದಷ್ಟೇ ಹೇಳಿದರು.

ಯಾವಾಗಿನಿಂದ ಎಂದು ಕೇಳುತ್ತಾ ಹೋದೆ. ನಾಲ್ಕು ತಿಂಗಳ ಹಿಂದೆ ಆಫೀಸಿನಲ್ಲಿ ಫಿಟ್ಸ್ ಬಂದಿತ್ತು. ಆಮೇಲೆ ವೈದ್ಯರು ಫಿಟ್ಸ್ ತಡೆಯುವ ಲೆವೆಟಿರಾಸಿಟಮ್ ಮಾತ್ರೆಯ ಪ್ರಮಾಣ ಹೆಚ್ಚಿಸಿದ್ದರು. ಅದಾಗಿ ಎರಡು ವಾರಕ್ಕೆ ಸಿಟ್ಟು ಶುರು. ಈ ಮಾತ್ರೆ ಕೆಲವರಲ್ಲಿ ಸಿಡುಕು, ಮಂಕು ತರುತ್ತದೆ. ಆ ಮನೆಯಲ್ಲಿ ಯಾರಿಗೂ ಅದು ಹೊಳೆದಿರಲಿಲ್ಲ.

ಹೆಂಡತಿಯನ್ನು ಸ್ವಲ್ಪ ಹೊತ್ತು ಹೊರಗೆ ಕೂರಿಸಿ, "ಸಾಯಬೇಕು ಅಂತ ಅನಿಸಿದೆಯಾ?" ಎಂದು ಕೇಳಿದೆ. ಇದನ್ನು ಸುತ್ತಿ ಬಳಸಿ ಕೇಳಬಾರದು. ಎರಡು ಸಲ ಅನಿಸಿದೆ ಎಂದರು. ಅವರ ಒಪ್ಪಿಗೆ ಪಡೆದು ಹೆಂಡತಿಗೆ ತಿಳಿಸಿದೆ. ಅಂದೇ ಅವರ ನರರೋಗ ತಜ್ಞರಿಗೂ ಫೋನ್ ಮಾಡಿದೆ. ನೀವಾಗಿಯೇ ಮಾತ್ರೆ ನಿಲ್ಲಿಸಬೇಡಿ ಎಂದು ಒತ್ತಿ ಹೇಳಿದೆ. ಏಕಾಏಕಿ ನಿಲ್ಲಿಸಿದರೆ ಫಿಟ್ಸ್ ಬಿಡದೆ ಬಂದು ಜೀವಕ್ಕೇ ಕುತ್ತಾಗಬಹುದು. ವೈದ್ಯರು ಕೆಲವು ವಾರಗಳಲ್ಲಿ ನಿಧಾನವಾಗಿ ಬೇರೆ ಮಾತ್ರೆಗೆ ಬದಲಿಸಿದರು. ಸಿಟ್ಟು ಬಹುಪಾಲು ಇಳಿಯಿತು.

ಪೂರ್ತಿ ಹೋಗಲಿಲ್ಲ. ಅದಕ್ಕೆ ಇನ್ನೊಂದು ಕಾರಣವಿತ್ತು. ಅವರು ಸ್ನಾನಕ್ಕೆ ಹೋದರೆ ಆಕೆ ಹೊರಗೆ ನಿಂತು ಬಾಗಿಲು ತಟ್ಟುತ್ತಲೇ ಇರುತ್ತಿದ್ದರು. "ನಾನು ಒಬ್ಬನೇ ಇದ್ದದ್ದು ಯಾವಾಗ ಅಂತಲೇ ನೆನಪಿಲ್ಲ ಮೇಡಂ" ಎಂದರು. ಆಕೆಯದೂ ತಪ್ಪಲ್ಲ. ಫಿಟ್ಸ್ ಬಂದರೆ ಏನು ಮಾಡಬೇಕೆಂದು ಗೊತ್ತಿಲ್ಲದವರು ಕಾವಲು ಕಾಯದೆ ಇನ್ನೇನು ಮಾಡ್ತಾರೆ, ಅಲ್ವಾ? ಅದನ್ನೇ ಕಲಿಸಿದೆ. ಅದುಮಿ ಹಿಡಿಯಬೇಡಿ. ಬಾಯಿಗೆ ಏನೂ ತುರುಕಬೇಡಿ. ತಲೆ ಕೆಳಗೆ ಮೆತ್ತಗಿರುವುದು ಏನಾದರೂ ಇಡಿ, ಗಡಿಯಾರ ನೋಡಿಕೊಳ್ಳಿ. ಸೆಳೆತ ನಿಂತ ಮೇಲೆ ಮಗ್ಗುಲಿಗೆ ಹೊರಳಿಸಿ. 5 ನಿಮಿಷ ದಾಟಿದರೆ ಆಂಬುಲೆನ್ಸ್ ಕರೆಸಿ. ಅವರಿಗೆ ಚಿಲಕ ಹಾಕದೆ, ಸ್ಟೂಲ್ ಮೇಲೆ ಕೂತು ಸ್ನಾನ ಮಾಡಲು ಹೇಳಿದೆ. ಆಕೆ ಮನೆಯಲ್ಲಿದ್ದರೆ ಸಾಕು, ಬಾಗಿಲಲ್ಲಿ ನಿಲ್ಲುವುದು ಬೇಡ.

ಮೂರನೇ ಭೇಟಿಗೆ ಅವರು ಒಬ್ಬರೇ ಬಸ್ಸಿನಲ್ಲಿ ಬಂದರು. ವೈದ್ಯರು ಹೂಂ ಎನ್ನುವವರೆಗೆ ಗಾಡಿ ಓಡಿಸುವಂತಿಲ್ಲ. ಬೈಕ್ ಕೀಲಿಯನ್ನು ಒಲ್ಲದ ಮನಸ್ಸಿನಿಂದಲೇ ಹೆಂಡತಿಗೆ ಕೊಟ್ಟಿದ್ದಾರೆ. ಆ ಸಂಕಟ ಇನ್ನೂ ಇದೆ. ಮುಂದಿನ ಭೇಟಿಯಲ್ಲಿ ಅದರ ಬಗ್ಗೆಯೇ ಮಾತಾಡಲಿದ್ದೇವೆ.