ಹಿಂದಿನ ಸಾಲಿನ ಮುಖ ಮಸುಕಾಗಿದ್ದರ ಬಗ್ಗೆ

ಹನ್ನೆರಡು ಜನರ ಕುಟುಂಬದ ಫೋಟೋದಲ್ಲಿ ಹಿಂದೆ ನಿಂತವರು ಮಸುಕಾಗಿದ್ದಾರೆ, ಲೆನ್ಸ್ ಕೆಟ್ಟಿದೆಯಾ ಎಂದು ಕೇಳಿದ್ದೀರಿ. ಲೆನ್ಸ್ ಮೇಲೆ ಅನುಮಾನ ಬೇಡ. ನೀವು ಇಟ್ಟಿದ್ದು ಎಫ್ 1.8 ಅಲ್ವಾ? ಎಫ್ ಅಂದರೆ ಲೆನ್ಸ್ ಎಷ್ಟು ತೆರೆದಿದೆ ಎಂಬ ಅಳತೆ; ಸಂಖ್ಯೆ ಚಿಕ್ಕದಾದಷ್ಟೂ ಫೋಕಸ್ ಇಟ್ಟ ಜಾಗದ ಹಿಂದೆ ಮುಂದೆ ಇರುವುದು ಬೇಗ ಮಸುಕಾಗುತ್ತದೆ. ಜೋಡಿಗಳಿಗೆ ಅದು ಚೆಂದ, ಎರಡು ಸಾಲಿಗೆ ಸಾಲದು. ಎಫ್ 5.6 ಅಥವಾ 8 ಇಡಿ. ಸಾಲುಗಳನ್ನು ಹತ್ತಿರ ತನ್ನಿ, ಫೋಕಸ್ ಮುಂದಿನವರ ಕಣ್ಣಿಗೆ ಇರಲಿ. ಮಕ್ಕಳಿದ್ದರೆ ಅಲುಗಾಡುತ್ತಾರೆ, ಶಟರ್ ವೇಗವನ್ನು 1/250 ಸೆಕೆಂಡಿಗಿಂತ ನಿಧಾನ ಮಾಡಬೇಡಿ. ಬೆಳಕು ಕಡಿಮೆಯಾದರೆ ಕ್ಯಾಮೆರಾ ಬೆಳಕು ಹಿಡಿಯುವ ಸೂಕ್ಷ್ಮತೆಯನ್ನು, ಅಂದರೆ ಐಎಸ್‌ಒ ಏರಿಸಿ. ಫೋಟೋದಲ್ಲಿ ಸ್ವಲ್ಪ ಗ್ರೇನ್ (ಸಣ್ಣ ಚುಕ್ಕೆಗಳು) ಬಂದರೂ ಪರವಾಗಿಲ್ಲ, ಅಲುಗಿದ ಮುಖವನ್ನು ಆಮೇಲೆ ಸರಿ ಮಾಡುವುದು ಕಷ್ಟ.

ಇನ್ನೊಂದು ಮಾತು. ಅಜ್ಜ ಅಜ್ಜಿಯರ ಫೋಟೋ ಮೊದಲೇ ತೆಗೆದುಬಿಡಿ, ಹೊತ್ತಾದರೆ ಅವರಿಗೆ ಸುಸ್ತು ಜಾಸ್ತಿ. ಒಂದು ಗೃಹಪ್ರವೇಶದಲ್ಲಿ ನಾನು ಕೊನೆಗೆ ತೆಗೆಯೋಣ ಅಂದುಕೊಂಡೆ. ಅಷ್ಟರಲ್ಲಿ ಅಜ್ಜಿ ಮಲಗಿಬಿಟ್ಟಿದ್ದರು. ಆ ಮನೆಯ ಆಲ್ಬಮ್‌ನಲ್ಲಿ ಅವರೊಬ್ಬರೇ ಇಲ್ಲ, ನನಗೆ ಇವತ್ತಿಗೂ ಬೇಜಾರು.